ಬೇಡ ಅಂದವರ ಚುನಾವಣೆ

ಕಳೆದ ಭಾನುವಾರ ನಾನೊಂದು ಟ್ರಸ್ಟಿನ ಐವರು ಟ್ರಸ್ಟಿಗಳನ್ನೂ ಒಂದೇ ಏಟಿಗೆ ಮನೆಗೆ ಕಳಿಸಿದೆ. ಕೂಗಾಡಲಿಲ್ಲ, ಕೋರ್ಟಿಗೆ ಹೋಗಲಿಲ್ಲ, ಯಾರ ಮೇಲೂ ಆರೋಪ ಹೊರಿಸಲಿಲ್ಲ. ಅವರು ಬಾಯಿಬಿಟ್ಟು ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡೆ, ಅಷ್ಟೆ.

ಅಂದಿನಿಂದ ರಿಚರ್ಡ್ಸ್ ಟೌನಿನಲ್ಲಿ ಕೆಲವರು ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದಾರೆ. (ನಮ್ಮ ಟ್ರಾಫಿಕ್ಕಿನಲ್ಲಿ ರಸ್ತೆ ದಾಟುವಷ್ಟು ಸಿಟ್ಟೆಂದರೆ ಅದು ನಿಜವಾದ ಸಿಟ್ಟೇ ಇರಬೇಕು.)

ನಮ್ಮಲ್ಲೊಂದು ಹಳೆಯ ಕಟ್ಟಡವಿದೆ. ಹೆಂಚಿನ ಮಾಡು, ಕಿಟಕಿಗಳ ಮೇಲೆ ಕಂಟೋನ್ಮೆಂಟಿನ ಹಳೇ ಬಂಗಲೆಗಳಿಗಿರುವಂಥ ಮರದ ಚೂಪು ಟೊಪ್ಪಿಗೆ, ಒಳಗೆ ಉದ್ದುದ್ದ ಮೇಜುಗಳು. ಎಲ್ಲರೂ ಅದನ್ನು ರೀಡಿಂಗ್ ರೂಮ್ ಅನ್ನುತ್ತಾರೆ. ಒಂದು ಕಾಲಕ್ಕೆ ಸುತ್ತಲಿನ ಜನ ಬಂದು ಪೇಪರು, ಪುಸ್ತಕ ಓದುತ್ತಿದ್ದರಂತೆ. ಬಿಲ್ಡರೊಬ್ಬರು ಅದನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಲು ಹೊರಟಾಗ ಕೆಲವರು ಸೇರಿ ಟ್ರಸ್ಟ್ ಮಾಡಿ, ಆಫೀಸಿನಿಂದ ಆಫೀಸಿಗೆ ಅಲೆದು ಉಳಿಸಿಕೊಂಡರು. ಅಧ್ಯಕ್ಷ ಸುಂದರರಾಜ್ ಎಲ್ಲರಿಗಿಂತ ಹೆಚ್ಚು ಅಲೆದರು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಉಳಿಸಿಕೊಂಡ ಮೇಲೆ ಏನು ಮಾಡಿದರು? ಬೀಗ ಹಾಕಿದರು.

ಜನ ಬಂದರೆ ನೆಲ ಸವೆಯುತ್ತದೆ, ಮೇಜಿನ ಮೇಲೆ ಗೀರು ಬೀಳುತ್ತದೆ ಎಂಬ ಕಾಳಜಿ. ವರ್ಷಕ್ಕೊಮ್ಮೆ ವಾರ್ಷಿಕ ಸಭೆಯ ದಿನ ಮಾತ್ರ ಬಾಗಿಲು ತೆರೆಯುತ್ತದೆ. ನಾವು ಒಳಗೆ ಕೂತು, ತಲೆಯೆತ್ತಿ ಮಾಡಿನ ಕಡೆ ನೋಡಿ, ‘ಎಂಥಾ ಕೆಲಸ ನೋಡ್ರೀ’ ಎಂದು ಮೆಚ್ಚಿಕೊಂಡು, ಸಮೋಸ ತಿಂದು ಹೊರಬರುತ್ತೇವೆ. ಪರಂಪರೆಯ ರಕ್ಷಣೆ ಎಂದರೆ ಇದು.

ಈ ಸಲದ ಚುನಾವಣಾಧಿಕಾರಿ ನಾನು. ಹೇಗಾದೆ ಅಂತೀರಾ? ಸುಂದರರಾಜ್ ಫೋನ್ ಮಾಡಿದರು. “ಬೇಡ ಸಾರ್, ನನ್ನ ಕೈಲಾಗಲ್ಲ” ಅಂದೆ. “ಅಯ್ಯೋ, ಹಂಗನ್ಬೇಡಿ ಮೇಡಂ” ಅಂದರು. ಮತ್ತೆ ಬೇಡ ಅಂದೆ. ನಕ್ಕರು. ಇನ್ನೊಂದು ಸಲ, ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. “ಥ್ಯಾಂಕ್ಯೂ ಮೇಡಂ, ನೀವು ಒಪ್ಕೊಳ್ತೀರ ಅಂತ ಗೊತ್ತಿತ್ತು” ಎಂದು ಇಟ್ಟೇಬಿಟ್ಟರು.

ಅದು ಅಲ್ಲಿನ ಪದ್ಧತಿ ಎಂದು ಆಮೇಲೆ ತಿಳಿಯಿತು. ‘ನಾನು ನಿಲ್ತೀನಿ’ ಎಂದು ತಾನೇ ಹೇಳುವುದು ಅಲ್ಲಿ ಮರ್ಯಾದೆಗೇಡು. ಹೆಸರನ್ನು ಬೇರೆಯವರು ಸೂಚಿಸಬೇಕು. ಹೆಸರು ಬಂದವರು ‘ವಯಸ್ಸಾಯ್ತು, ಹೊಸಬರು ಬರಲಿ’ ಅನ್ನಬೇಕು. ಶಿವಾಜಿನಗರದ ಬಟ್ಟೆ ವ್ಯಾಪಾರಿ ಇಮ್ತಿಯಾಜ್ ಭಾಯ್ ಎದ್ದು ‘ನೀವಿಲ್ದೆ ಟ್ರಸ್ಟ್ ಹೆಂಗೆ ಸಾರ್’ ಎಂದು ಗೋಗರೆಯಬೇಕು. ಹೀಗೆ ಎರಡು ಸಲ ಆಗಿ, ಮೂರನೆಯ ಸಲಕ್ಕೆ ಅವರು ‘ನೀವೆಲ್ಲ ಇಷ್ಟು ಹೇಳೋವಾಗ...’ ಎಂದು ಕೈಮುಗಿಯಬೇಕು. ಚಪ್ಪಾಳೆ. ಅವಿರೋಧ ಆಯ್ಕೆ. ಅದೇ ಐವರು.

ಭಾನುವಾರ ಚರ್ಚಿನಿಂದ ಬರುವವರಿಗಾಗಿ ಕಾದು, ಕೋರಂ ಆಯಿತೆಂದು ಖಾತ್ರಿ ಮಾಡಿಕೊಂಡು ಸಭೆ ಶುರುಮಾಡಿದೆವು. ವರದಿ ಓದಿದರು. ಗೇಟಿನ ಮುಂದೆ ಯಾರದೋ ಕಾರು ನಿಲ್ಲುವ ಬಗ್ಗೆ ದೀರ್ಘ ಚರ್ಚೆಯಾಯಿತು. (ಕಾರಿನವರು ಸಭೆಯಲ್ಲೇ ಇದ್ದರು. ಅವರೂ ಖಂಡಿಸಿದರು.)

ಆಮೇಲೆ ಶರಣಮ್ಮ ಎದ್ದು ನಿಂತರು. ಯಾದಗಿರಿ ಕಡೆಯವರು, ಹಿಂದಿನ ಗಲ್ಲಿಯಲ್ಲಿ ಬಾಡಿಗೆ ರೂಮು, ಮನೆಯಲ್ಲೇ ಹೊಲಿಗೆ. ಹೊಸ ಸದಸ್ಯೆ.

“ನಮ್ಮ ಹುಡುಗಿ ಎಸ್ಸೆಸ್ಸೆಲ್ಸಿ ಅದಾಳ್ರಿ. ಒಂದ ಖೋಲಿಯಾಗ ಐದು ಮಂದಿ ಅದೀವಿ. ಮಷಿನ್ ಸಪ್ಪಳ, ಟಿವಿ ಸಪ್ಪಳ. ಮೆಟ್ಟಲ ಮ್ಯಾಗ ಕುಂತು ಓದ್ತಾಳ. ಗಲ್ಲಿಯಾಗ ಇಂಥಾ ಹುಡುಗ್ರು ಭಾಳ ಅದಾರ. ಸಂಜಿಗಿ ಎರಡು ತಾಸು ಇದರ ಬಾಗಲ ತೆರದ್ರ ಏನಾಗ್ತದ್ರಿ?”

“ಒಳ್ಳೇ ಸಜೆಷನ್ ಅಮ್ಮಾ. ಪರಿಶೀಲಿಸೋಣ” ಅಂದರು ಸುಂದರರಾಜ್.

“ಹೋದ ವರ್ಷಾನೂ ಹಂಗ ಅಂದ್ರಂತಲ್ರಿ?”

“ಹೌದು. ಪರಿಶೀಲನೆ ನಡೀತಾ ಇದೆ.”

ಚುನಾವಣೆ ಬಂತು. ನಿಯಮ ಓದಿದೆ: ಅಭ್ಯರ್ಥಿಯ ಸ್ಪಷ್ಟ ಒಪ್ಪಿಗೆ ಬೇಕು. ಸುಂದರರಾಜ್ ಹೆಸರು ಸೂಚನೆಯಾಯಿತು. “ಬೇಡ ಮೇಡಂ, ಸಾಕು. ಹೊಸಬರು ಬರಲಿ” ಅಂದರು.

ಗೋಗರೆಯಬೇಕಾದ ಇಮ್ತಿಯಾಜ್ ಭಾಯ್ ಸಮೋಸ ತರಲು ಹೋಗಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರು. ಒತ್ತಾಯ ಮಾಡುವುದು ಅವರ ಕೆಲಸವೆಂದು ಉಳಿದವರು ಒಬ್ಬರ ಮುಖ ಒಬ್ಬರು ನೋಡಿದರು.

ಎಷ್ಟು ಹೊತ್ತು ಕಾದೆ? ಸಾಕಷ್ಟು ಕಾದೆ ಎಂದು ನನ್ನ ನೆನಪು. ಉಸಿರಾಡಲೂ ಬಿಡಲಿಲ್ಲ ಎಂದು ಸುಂದರರಾಜ್ ವಾದ. ನನ್ನ ನೆನಪು ನನಗೆ ಅನುಕೂಲವಾಗುವಂತೆ ಗಡಿಯಾರ ತಿರುಗಿಸುವುದನ್ನು ಹಿಂದೆಯೂ ಕಂಡಿದ್ದೇನೆ, ಹಾಗಾಗಿ ಪಟ್ಟು ಹಿಡಿಯುವುದಿಲ್ಲ. ಫೋನಿನಲ್ಲಿ ನನ್ನ ಮೂರೂ ಬೇಡಗಳನ್ನು ನುಂಗಿದ್ದರ ಸಿಟ್ಟು ಪೆನ್ನಿಗೆ ಇಳಿದಿತ್ತೇ? ಇಳಿದಿದ್ದರೂ ಇಳಿದಿರಬಹುದು. ‘ಒಪ್ಪಿಗೆ ಇಲ್ಲ’ ಎಂದು ಬರೆದು ಮುಂದಿನ ಹೆಸರಿಗೆ ಹೋದೆ.

ಅಧ್ಯಕ್ಷರೇ ಬೇಡ ಅಂದ ಮೇಲೆ ಎರಡನೆಯವರು ಹೂಂ ಅಂದರೆ ಆಸೆಬುರುಕರ ಹಾಗೆ ಕಾಣುವುದಿಲ್ಲವೇ? ಅವರೂ ಬೇಡ ಅಂದರು. ಮೂರನೆಯವರು, ನಾಲ್ಕನೆಯವರು, ಎಲ್ಲರಿಗಿಂತ ಹಿರಿಯರಾದ ಫ್ರಾನ್ಸಿಸ್ ಅಂಕಲ್, ಎಲ್ಲರೂ ಬೇಡ. ಬರೆದುಕೊಂಡೆ.

“ಬೇರೆ ಯಾರಾದ್ರೂ?”

“ನಾ ನಿಂದರ್ತೀನ್ರಿ” ಅಂದರು ಶರಣಮ್ಮ.

ಕುರ್ಚಿಗಳು ಕಿರುಗುಟ್ಟಿದವು. ಒಪ್ಪಿಗೆ ಇದಕ್ಕಿಂತ ಸ್ಪಷ್ಟವಾಗಿರಲು ಸಾಧ್ಯವೇ? ಶರಣಮ್ಮ ಆಯ್ಕೆ, ನಾಲ್ಕು ಸ್ಥಾನ ಖಾಲಿ ಎಂದು ಘೋಷಿಸಿದೆ.

“ಎನ್ನ ಮೇಡಂ ಇದು!” ಸಿಟ್ಟು ಬಂದರೆ ತಮಿಳಿಗೆ ಜಾರುವ ಸುಂದರರಾಜ್ ಎದ್ದು ನಿಂತರು. “ಬೇಡ ಅಂದ್ರೆ ಬೇಡಾನಾ?”

“ಮತ್ತೇನು ಸಾರ್?”

“ಅದು ಒಂದು ಇದಕ್ಕೆ ಹೇಳೋದು. ನಿಮ್ಗೆ ಅಷ್ಟೂ ಗೊತ್ತಾಗಲ್ವಾ? ಓದಿದೋರು ನೀವು!”

ಅಷ್ಟರಲ್ಲಿ ಇಮ್ತಿಯಾಜ್ ಭಾಯ್ ಬಿಸಿ ಸಮೋಸದ ಡಬ್ಬ ಹಿಡಿದು ಒಳಗೆ ಬಂದರು. ಪಕ್ಕದವರು ಕಿವಿಯಲ್ಲಿ ವಿಷಯ ಹೇಳಿದರು. “ಅರೆ! ನಾನು ಸಮೋಸ ತಂದ್ಬಿಡೋ ಅಷ್ಟ್ರಲ್ಲಿ ಸರ್ಕಾರಾನೇ ಬಿದ್ದೋಯ್ತಾ?” ಆಮೇಲೆ ನನ್ನ ಕಡೆ ತಿರುಗಿ, “ಕೈಕು ಮೇಡಂ, ಯಾಕಿಷ್ಟು ಅವಸರ? ಎರಡು ನಿಮಿಷ ನಿಲ್ಬಾರ್ದಿತ್ತಾ?” ಡಬ್ಬ ಕೆಳಗಿಟ್ಟು ಅಲ್ಲೇ ಗೋಗರೆಯಲು ಶುರುಮಾಡಿದರು.

ನಾನು ತಡೆದೆ. ಸಭೆ ಒಪ್ಪಿದರೆ ಘೋಷಣೆ ಬದಿಗಿಟ್ಟು ಐದೂ ಸ್ಥಾನಕ್ಕೆ ಇನ್ನೊಮ್ಮೆ ಕೇಳುತ್ತೇನೆ, ಶರಣಮ್ಮನ ಹೆಸರು ಇದ್ದೇ ಇರುತ್ತದೆ. ಆದರೆ ಗೋಗರೆಯುವಂತಿಲ್ಲ. ಟ್ರಸ್ಟಿ ಆಗಬೇಕು ಅನ್ನುವವರು ಎದ್ದು ‘ನನಗೆ ಬೇಕು’ ಅನ್ನಲಿ. ಅಷ್ಟು ಸಾಕು. ಸಭೆ ಹೂಂ ಅಂದಿತು.

ಓದುಗರೇ, ಆ ಎರಡು ಪದ ಎಷ್ಟು ಭಾರ ಎಂದು ನನಗೆ ಅವತ್ತು ಗೊತ್ತಾಯಿತು. ಅಧಿಕಾರಿಗಳ ಎದುರು ಕೂತು ಜಗಳವಾಡಿ ಕಟ್ಟಡ ಉಳಿಸಿದವರು ನೆಲ ನೋಡುತ್ತಾ ನಿಂತರು. ಒಬ್ಬರು ಕನ್ನಡಕ ಒರೆಸಿದರು. ಇನ್ನೊಬ್ಬರಿಗೆ ಇದ್ದಕ್ಕಿದ್ದಂತೆ ಕೆಮ್ಮು. ಕೊನೆಗೆ ಸುಂದರರಾಜ್, ಮದುವೆಗೆ ಹೆಣ್ಣು ಕೇಳಲು ಬಂದವರ ಹಾಗೆ, “ಬೇಕು” ಅಂದರು. ಮುಖ ಕೆಂಪಾಗಿತ್ತು. ಅವರ ಹಿಂದೆ ಉಳಿದ ಮೂವರೂ ಅಂದರು.

ಐದು ಸ್ಥಾನ. ಶರಣಮ್ಮನನ್ನೂ ಸೇರಿಸಿ ಐವರಾದರು. ಫ್ರಾನ್ಸಿಸ್ ಅಂಕಲ್ ಮಾತ್ರ ಬಾಕಿ.

“ಅಂಕಲ್, ನೀವು?” ಎಂದೆ. ಅವರೂ ಬೇಕು ಅಂದರೆ ಐದು ಸ್ಥಾನಕ್ಕೆ ಆರು ಜನ, ಮತದಾನ. ಶರಣಮ್ಮನಿಗೆ ಎಷ್ಟು ಮತ ಬೀಳಬಹುದೆಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

“ಹೇಳಿ ಫ್ರಾನ್ಸಿಸ್, ಬೇಕು ಅನ್ನಿ” ಎಂದು ಸುಂದರರಾಜ್ ಅವಸರಪಡಿಸಿದರು.

“ನೋ ಮ್ಯಾನ್!” ಅಂಕಲ್ ಮಂಡಿ ಹಿಡಿದುಕೊಂಡೇ ಎದ್ದರು. “ಪ್ರತೀ ವರ್ಷ ಬೇಡ ಬೇಡ ಅಂತೀನಿ. ಪ್ರತೀ ವರ್ಷ ಚಪ್ಪಾಳೆ ಹೊಡ್ದು ಕೂರಿಸ್ತೀರ. ನಾನು ನಿಜವಾಗ್ಲೂ ಬೇಡ ಅಂತಾನೇ ಅಂದಿದ್ದು! ಒಬ್ರಾದ್ರೂ ಕೇಳಿಸ್ಕೊಂಡ್ರಾ? ಇವತ್ತು ಈಯಮ್ಮ ಬರ್ಕೊಂಡ್ರು. ಗಾಡ್ ಬ್ಲೆಸ್ ಹರ್.”

ಇಷ್ಟು ವರ್ಷ ಒಬ್ಬ ಮನುಷ್ಯನನ್ನು ಮರ್ಯಾದೆಯ ಹೆಸರಿನಲ್ಲಿ ಕಟ್ಟಿಹಾಕಿದ್ದೆವು. ಯಾರಿಗಾದರೂ ನಾಚಿಕೆಯಾಯಿತೇ? ಸಮೋಸ ಹಂಚುವುದು ಶುರುವಾಯಿತು.

ಅಂಕಲ್ ಜೇಬಿನಿಂದ ಬೀಗದ ಕೈ ತೆಗೆದು ಶರಣಮ್ಮನಿಗೆ ಕೊಟ್ಟರು. ಒಬ್ಬೊಬ್ಬ ಟ್ರಸ್ಟಿಗೂ ಒಂದೊಂದು ಇರುತ್ತದಂತೆ.

ಸುಂದರರಾಜ್ ಅದನ್ನು ನೋಡಿದರು. “ಇಟ್ಕೊಳ್ಳಮ್ಮಾ, ತೊಂದ್ರೆ ಇಲ್ಲ. ಆದ್ರೆ ಕೀ ಇದೆ ಅಂತ ತೆಗೀಬೇಕು ಅಂತೇನಿಲ್ಲ. ಅದು ಸೇಫ್ಟಿಗೆ.”

“ಹೂಂ ರೀ” ಅಂದರು ಶರಣಮ್ಮ. ಸೊಂಟಕ್ಕೆ ಸಿಕ್ಕಿಸಿಕೊಂಡರು.

ಮರುದಿನ ಸಂಜೆ ನನ್ನ ಫೋನು ಬಡಿದುಕೊಂಡಿತು. ಸುಂದರರಾಜ್. ಏದುಸಿರು.

“ಮೇಡಂ, ಆಕೆ ಬಾಗಿಲು ತೆಗ್ದುಬಿಟ್ಟಿದಾಳೆ! ನಾನು ಕಿಟಕೀಲಿ ನೋಡ್ದೆ. ಹದಿನೈದು ಹುಡುಗ್ರು ಒಳಗೆ ಕೂತಿದಾರೆ!”

“ಏನು ಮಾಡ್ತಿದಾರೆ ಸಾರ್? ಏನಾದ್ರೂ ಒಡೆದರಾ?”

“ಒಡೆದಿಲ್ಲ.”

“ಗಲಾಟೆ ಮಾಡ್ತಿದಾರಾ?”

“ಇಲ್ಲ.”

“ಮತ್ತೆ?”

“ಓದ್ತಿದಾರೆ ಮೇಡಂ! ಮೇಜಿನ ಮೇಲೇ ಪುಸ್ತಕ ಇಟ್ಕೊಂಡು ಓದ್ತಿದಾರೆ! ನಾಳೇನೇ ತುರ್ತು ಸಭೆ ಕರೀಬೇಕು. ಆಕೇನ ಆಯ್ಕೆ ಅಂತ ಘೋಷಿಸಿದ್ದು ನೀವೇ, ಕಂಪ್ಲೇಂಟೂ ನೀವೇ ತಗೊಳ್ಳಿ.”

ಎರಡು ದಿನದಿಂದ ಬೈಲಾ ತಿರುವಿ ಹಾಕುತ್ತಿದ್ದೇನೆ. ರೀಡಿಂಗ್ ರೂಮಿನಲ್ಲಿ ಮಕ್ಕಳು ಓದುತ್ತಿದ್ದಾರೆ ಎಂಬ ದೂರನ್ನು ಯಾವ ನಿಯಮದ ಕೆಳಗೆ ದಾಖಲಿಸಿಕೊಳ್ಳಬೇಕು, ನಿಮಗೆ ಯಾರಿಗಾದರೂ ಗೊತ್ತೇ?