ನೀಲಿ ಬಣ್ಣದ ಕೆಳಗಿನ ಹೆಸರುಗಳು

ಬೆಳಗಿನ ಐದಕ್ಕೆ ಹತ್ತು ನಿಮಿಷವಿರುವಾಗ ಕ್ರೆಸೆನ್ಸ್ ಆಂಗರರ್ ವೈಹರ್‌ಬಾಖ್ ಊರಿನ ಐಸ್ ಹಾಕಿ ಆಟದ ಅಂಗಳದ ಬೀಗ ತೆಗೆಯುತ್ತಾರೆ. ದೀಪ ಹಾಕುವ ಮೊದಲು ಕತ್ತಲಲ್ಲೇ ಒಂದು ಕ್ಷಣ ನಿಂತು ಕಿವಿಗೊಡುತ್ತಾರೆ, ತಮಗಿಂತ ಮೊದಲು ಯಾರಾದರೂ ಬಂದು ಸೇರಿಕೊಂಡಿದ್ದಾರೇನೋ ಎಂದು. ಗೋಡೆಯ ತಾಪಮಾಪಕ ಮೈನಸ್ ಐದು ಎನ್ನುತ್ತದೆ. ಅದರ ಮೇಲೂ ನಂಬಿಕೆಯಿಲ್ಲ. ಕೈಗವಸು ಕಳಚಿ, ಮಂಡಿಯೂರಿ, ಮಂಜುಗಡ್ಡೆಯ ಮೇಲೆ ಅಂಗೈಯಿಟ್ಟು ಏಳರವರೆಗೆ ಎಣಿಸುತ್ತಾರೆ.

"ನಾಲ್ಕು. ಗೋಡೆ ಮೇಲಿರೋದು ಮೊದಲಿಂದ್ಲೂ ಸುಳ್ಳುಬುರುಕ," ಎಂದು ಗೊಣಗುತ್ತಾರೆ.

ಊರಿಗೆಲ್ಲ ಅವರು ಸೆಂಜಿ. ವಯಸ್ಸು ಅರವತ್ತಾರು, ಮಂಜುಗಡ್ಡೆ ಕಾಯುವ ಕೆಲಸಕ್ಕೆ ಮೂವತ್ತೊಂಬತ್ತು. ದಿನಕ್ಕೆ ಹನ್ನೊಂದು ಸಲ ಯಂತ್ರವೇರಿ ಅಂಗಳ ಸವರುತ್ತಾರೆ, ಗೀರುಗಳು ಮುಚ್ಚಿ ನಯವಾಗಲೆಂದು ಸಲಕ್ಕೆ ಐನೂರು ಲೀಟರ್ ಬಿಸಿನೀರು. ಪಂದ್ಯ ನೋಡಲು ಬಂದವರು ಚೆಂಡಿನ ಬದಲು ಜಾರುವ ಆ ಕರಿಬಿಲ್ಲೆಯನ್ನು ನೋಡುತ್ತಾರೆಯೇ ಹೊರತು ಅದು ಯಾವುದರ ಮೇಲೆ ಜಾರುತ್ತಿದೆಯೆಂದು ಯಾರೂ ನೋಡುವುದಿಲ್ಲ. ಆಟಗಾರರು ಬೇಕೆಂದೇ ಉಗುಳುತ್ತಾರೆ, ಜಾರುನೃತ್ಯ ಕಲಿಯುವ ಹುಡುಗಿಯರು ಬೇಕೆಂದೇ ಗುಂಡಿ ತೋಡುತ್ತಾರೆ ಎಂಬುದು ಸೆಂಜಿಯ ದೃಢವಾದ ಗುಮಾನಿ. ಪತ್ರಿಕೆಗೆ ಬರೆಯುತ್ತೇವೆಂದು ಹೋದ ನಮಗೂ ಮೊದಲು ಸಿಕ್ಕಿದ್ದು ಕಾಫಿಯಲ್ಲ, ಪ್ರಶ್ನೆ: "ಯಾರು ಕಳಿಸಿದ್ದು ನಿಮ್ಮನ್ನ? ನಿಜ ಹೇಳಿ."

ಅನುಮಾನ ಊರಿನ ಈ ಹಾಕಿ ಸಂಘದ ಹುಟ್ಟುಗುಣ. 1951ರ ಚಳಿಗಾಲದಲ್ಲಿ ಬಿಯರ್ ಭಟ್ಟಿಯ ಕೆರೆ ಹೆಪ್ಪುಗಟ್ಟಿತ್ತು. ಭಟ್ಟಿಯ ನೆಲಮಾಳಿಗೆಗೆಂದು ಮಂಜುಗಡ್ಡೆ ಕೊಯ್ಯುತ್ತಿದ್ದ ಏಳು ಜನ ಆಳುಗಳು ಅರ್ಧ ಕೆರೆ ಕೊಯ್ದು ಇನ್ನರ್ಧದ ಮೇಲೆ ಆಡಿದರು. ಇವರು ಬೇಕೆಂದೇ ನಿಧಾನ ಮಾಡುತ್ತಾರೆಂದು ಮಾಲೀಕನಿಗೆ ಅನುಮಾನ. ಅವನು ಬೇಕೆಂದೇ ಆಡುವ ಕಡೆಯಿಂದ ಕೊಯ್ಯಿಸುತ್ತಾನೆಂದು ಇವರಿಗೆ. ಆ ಏಳು ಜನರಲ್ಲೊಬ್ಬ ಸೆಂಜಿಯ ಅಪ್ಪ ಉಲ್ರಿಚ್. 1968ರಲ್ಲಿ ಕೊಳವೆ ಹಾಕಿ ಕೃತಕ ಮಂಜುಗಡ್ಡೆ ಬಂತು, 1981ರಲ್ಲಿ ಸೂರು. 1997ರಲ್ಲಿ ಪಕ್ಕದೂರಿನ ಸಂಘದೊಂದಿಗೆ ಸೇರೋಣವೆಂದಾಗ ಕೈಯೆತ್ತಿದವರು ಇಬ್ಬರೇ. ಆ ಇಬ್ಬರನ್ನೂ ಊರು ಇವತ್ತಿಗೂ ಓರೆಗಣ್ಣಿನಿಂದಲೇ ನೋಡುತ್ತದೆ.

ಅಪ್ಪ ಬಿಟ್ಟುಹೋದ ಪದ್ಧತಿಯೊಂದಿದೆ. ಪ್ರತಿ ಆಗಸ್ಟ್‌ನಲ್ಲಿ ಹೊಸ ಮಂಜುಗಡ್ಡೆಯನ್ನು ಪದರ ಪದರವಾಗಿ ಕಟ್ಟುವಾಗ, ಉತ್ತರದ ಗೋಲಿನ ಮುಂದೆ, ಬಿಳಿ ಬಳಿದ ಪದರದ ಮೇಲೆ ಸಂಘಕ್ಕಾಗಿ ಆಡಿ ತೀರಿಕೊಂಡವರ ಹೆಸರುಗಳನ್ನು ಸೆಂಜಿ ಕಪ್ಪು ಬಣ್ಣದಲ್ಲಿ ಬರೆಯುತ್ತಾರೆ. ಅದರ ಮೇಲೆ ನೀರು ಹೆಪ್ಪುಗಟ್ಟಿಸಿ, ಗೋಲ್‌ಕೀಪರ್ ನಿಲ್ಲುವ ಜಾಗದ ನೀಲಿ ಬಳಿದುಬಿಟ್ಟರೆ ಮುಗಿಯಿತು, ಯಾರಿಗೂ ಕಾಣದು. ಏಪ್ರಿಲ್‌ನಲ್ಲಿ ಎಲ್ಲ ಕರಗಿ ಚರಂಡಿಗೆ ಹೋಗುತ್ತದೆ, ಆಗಸ್ಟ್‌ನಲ್ಲಿ ಮತ್ತೆ ಮೊದಲಿಂದ. ಈ ವರ್ಷ ಅರವತ್ತೊಂದು ಹೆಸರು. ಎಲ್ಲವೂ ಬಾಯಿಪಾಠ.

"ಕಾಗದದಲ್ಲಿ ಬರೆದಿಟ್ರೆ ಯಾರಾದ್ರೂ ತಿದ್ತಾರೆ. ಐಸ್ ಕೆಳಗೆ ಕೈ ಹಾಕೋರು ಯಾರು?" ಎನ್ನುತ್ತಾರೆ.

ಅರವತ್ತೊಂದನೆಯ ಹೆಸರು ಕೊರ್ಬಿನಿಯನ್ ರೌಷರ್. ಕೆರೆಯ ಮೇಲೆ ಆಡಿದವರಲ್ಲಿ ಕೊನೆಗುಳಿದವರು, ವಯಸ್ಸು ತೊಂಬತ್ತೊಂದು. ಕಳೆದ ವರ್ಷ ಅವರು ಒಂದು ಪಂದ್ಯಕ್ಕೂ ಬರಲಿಲ್ಲ. ಮನೆಯ ಕಿಟಕಿಗಳು ತೆರೆಯಲಿಲ್ಲ. "ಸತ್ತೋಗಿದಾನೆ, ಮಗಳು ನಂಗೆ ಹೇಳ್ದೆ ಮಣ್ಣು ಮಾಡಿದಾಳೆ ಅಂದ್ಕೊಂಡೆ. ಅವಳಿಗೂ ನಂಗೂ ಹಳೇ ಜಗಳ. ಯಾರನ್ನಾದ್ರೂ ಕೇಳಬಹುದಿತ್ತು. ಕೇಳಿದ್ರೆ ಅವಳಿಗೆ ಗೊತ್ತಾಗಿ ಖುಷಿ ಪಡ್ತಿದ್ಲು." ಹೀಗೆ ಸೆಂಜಿ ಯಾರನ್ನೂ ಕೇಳದೆ ಹೆಸರು ಬರೆದುಬಿಟ್ಟರು.

ಅಕ್ಟೋಬರ್‌ನ ಮೊದಲ ಪಂದ್ಯಕ್ಕೆ ಕೊರ್ಬಿನಿಯನ್ ಗಾಲಿಯ ಊರುಗೋಲು ತಳ್ಳಿಕೊಂಡು, ಕೈಯಲ್ಲಿ ಸಾಸೇಜು ಹಿಡಿದು ಬಂದರು. ಸೊಂಟ ಮುರಿದು ಮಗಳ ಮನೆಯಲ್ಲಿದ್ದರಂತೆ. ಉತ್ತರದ ಗೋಲಿನ ಹಿಂದೆ, ಗಾಜಿಗೆ ಒರಗಿ, ತಮ್ಮ ಮಾಮೂಲು ಜಾಗದಲ್ಲೇ ನಿಂತರು. ಎದುರಿಗೇ, ನೀಲಿಯ ಕೆಳಗೆ, ಅವರ ಹೆಸರು. ಸೆಂಜಿ ನೆನೆಯುತ್ತಾರೆ: "ಆವತ್ತು ಆ ಕಡೆ ಐದು ಗೋಲು ಬಿತ್ತು ನಮಗೆ. ನನ್ನ ಪಾಪವೇ ಅಂದ್ಕೊಂಡೆ."

ಅಷ್ಟರಲ್ಲಿ ಅಂಗಳಕ್ಕೆ ಹೊಸ ವ್ಯವಸ್ಥಾಪಕರು ಬಂದರು. ಹೆನ್ನಿಂಗ್ ಪೀಟರ್ಸನ್, ಉತ್ತರದ ಕಡಲತೀರದವರು, ಎಲ್ಲವನ್ನೂ ಅಳೆಯುವವರು. ಹೋದ ತಿಂಗಳು ಒಂದು ಸೋಮವಾರ ಅವರು ಕೊರೆಯುವ ಯಂತ್ರ ಹಿಡಿದು ಅಂಗಳಕ್ಕಿಳಿದರು. ಎಲ್ಲ ಕಡೆ ಮೂರು ಸೆಂಟಿಮೀಟರ್ ದಪ್ಪ, ಉತ್ತರದ ಗೋಲಿನ ಮುಂದೆ ಮಾತ್ರ ನಾಲ್ಕೂವರೆ. ಕೊರೆದಂತೆ ಮೊದಲು ನೀಲಿ ಪುಡಿ ಬಂತು, ಆಮೇಲೆ ಕಪ್ಪು, ಆಮೇಲೆ ಬಿಳಿ.

"ಆಂಗರರ್ ಅವರೇ, ಇದರ ಕೆಳಗೆ ಏನು ಹೂತಿಟ್ಟಿದ್ದೀರಿ?"

"ಬಣ್ಣ."

"ಎಂಥ ಬಣ್ಣ?"

"ಹಳೇದು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಸೆಂಜಿಯ ಮುಖ ಅದನ್ನೇ ಮಾಡಿತು. ಗುರುವಾರ ಸಂಜೆ ಅಗೆಸಿ ನೋಡುವುದಾಗಿ ಪೀಟರ್ಸನ್ ಹೇಳಿದರು. ಗುರುವಾರ ಸಂಜೆ ಅಭ್ಯಾಸ ನೋಡಲು ಕೊರ್ಬಿನಿಯನ್ ತಪ್ಪದೆ ಬರುತ್ತಾರೆ. ಬದುಕಿರುವ ಮನುಷ್ಯ ಊರೆದುರು ತನ್ನ ಹೆಸರನ್ನು ಸತ್ತವರ ಸಾಲಿನಲ್ಲಿ ಓದುವುದೆಂದರೇನು?

ಬುಧವಾರ ನಸುಕಿನಲ್ಲಿ ಸೆಂಜಿ ತಾವೇ ಹೋಗಿ ಅವರನ್ನು ಕರೆತಂದರು. ಗೋಲಿನ ಮುಂದೆ ಕುರ್ಚಿ ಹಾಕಿ ಕೂರಿಸಿ, ಬಿಸಿನೀರು ಸುರಿದು, ಉಳಿಯಿಂದ ಕೆರೆದು ನೀಲಿಯನ್ನು ತೆಗೆದರು. ಹೆಸರು ಕಾಣಿಸಿತು. ಮುದುಕ ತುಂಬ ಹೊತ್ತು ಬಗ್ಗಿ ನೋಡಿದರು.

"ಯಾವಾಗ ಸತ್ತೆ?"

"ಆಗಸ್ಟಲ್ಲಿ, ಮಾಮ."

"ನಂಗ್ಯಾರೂ ಹೇಳ್ಲೇ ಇಲ್ಲ. ಹೋಗ್ಲಿ, ಆಲ್ಬನ್ ಪಕ್ಕ ಯಾಕೆ ಬರ್ದೆ? ಬದುಕಿರೋ ತನಕ ಒಂದು ಪಾಸ್ ಕೊಟ್ಟೋನಲ್ಲ ಅವ್ನು."

"ತಪ್ಪಾಯ್ತು ಮಾಮ. ಈಗ್ಲೇ ಅಳಿಸ್ತೀನಿ."

"ಬೇಡ, ಮುಚ್ಚು." ಅವರ ದನಿ ತಗ್ಗಿತು. "ಕೆರೆ ಮೇಲೆ ಆಡಿದೋರೆಲ್ಲ ಇಲ್ಲೇ ಇದಾರಲ್ಲ. ನಾನೊಬ್ನೇ ಗಾಜಿನ ಆಚೆ ನಿಂತು ಎಷ್ಟು ವರ್ಷ ಆಯ್ತು. ಏಪ್ರಿಲ್ ತನಕ ಇವರ ಜೊತೆ ಇರ್ತೀನಿ ಬಿಡು."

ಬಾಗಿಲ ಬಳಿ ಕೆಮ್ಮು ಕೇಳಿಸಿತು. ಸೆಂಜಿ ಗುಟ್ಟಾಗಿ ಏನೋ ಮಾಡುತ್ತಾರೆಂಬ ಸಂಶಯದಿಂದ ಪೀಟರ್ಸನ್ ಮೊದಲೇ ಬಂದು ನಿಂತಿದ್ದರು. ಮೆಲ್ಲಗೆ ನಡೆದು ಬಂದು ಹೆಸರುಗಳನ್ನು ಓದಿದರು. ಆಮೇಲೆ ಕೇಳಿದ್ದು ಒಂದೇ ಮಾತು: "ನೀಲಿ ಬಣ್ಣದ ಡಬ್ಬಿ ಎಲ್ಲಿದೆ?" ಪೀಟರ್ಸನ್ ಅವರ ಅಳತೆಯ ಪುಸ್ತಕದಲ್ಲಿ ಉತ್ತರದ ಗೋಲಿನೆದುರು ಈಗ ಮೂರು ಸೆಂಟಿಮೀಟರ್ ಎಂದೇ ಬರೆದಿದೆ.

"ಏನೋ ಮಸಲತ್ತಿದೆ. ಉತ್ತರದ ಕಡೆಯೋರು ಸುಮ್ನೆ ಒಳ್ಳೇದು ಮಾಡಲ್ಲ," ಎಂದು ಸೆಂಜಿ ಇನ್ನೂ ಹೇಳುತ್ತಾರೆ.

ಗುಟ್ಟು ಉಳಿಯಲಿಲ್ಲ. ಅದೇ ಸಂಜೆ ಕೊರ್ಬಿನಿಯನ್ ಹೋಟೆಲಿನಲ್ಲಿ ಎಲ್ಲರಿಗೂ ಹುರಿದ ಹಂದಿಮಾಂಸ, ಕಡುಬು, ಬಿಯರ್ ಹಾಕಿಸಿ, ಇದು ತನ್ನ ಸಾವಿನ ಊಟವೆಂದು ಸಾರಿದರು. ಹಾಗಾಗಿಯೇ ನಾವು ಇದನ್ನು ಬರೆಯಲು ಸೆಂಜಿ ಒಪ್ಪಿದ್ದು, ಅದೂ ಎರಡು ಸಲ ಓದಿಸಿ ಕೇಳಿದ ಮೇಲೆ.

ನಿಮ್ಮ ಆಸೆಯೇನು ಎಂದರೆ ಯಂತ್ರದ ಬ್ಲೇಡು ಒರೆಸುತ್ತಲೇ ಹೇಳುತ್ತಾರೆ:

"ನಾನೂ ಎರಡು ವರ್ಷ ಹೆಂಗಸರ ತಂಡದಲ್ಲಿ ಆಡಿದೀನಿ. ನನ್ನ ಹೆಸರು ಬರೆಯೋ ದಿನ ಐಸ್ ನಾಲ್ಕೂವರೆ ಇರ್ಬೇಕು. ಪುಸ್ತಕ ನಂಬ್ಬೇಡಿ, ಕೊರೆದು ನೋಡಿ." ಬ್ಲೇಡು ಕೆಳಗಿಟ್ಟು ನೇರವಾಗಿ ನೋಡುತ್ತಾರೆ. "ಅದಕ್ಕೂ ಮುಂಚೆ ಮನೆಗೆ ಬಂದು ಒಂದ್ಸಲ ಬಾಗಿಲು ಬಡೀರಿ."