ಹಟ್ಟೆವ್ವ ಕೂತ ಅಂಗಳ ತೊಳೆದದ್ದು

ರಾಮತೀರ್ಥ ನಗರದ ನಮ್ಮ ಮನೆಯ ಅಂಗಳಕ್ಕೆ ಕಲ್ಲಿನ ಅಚ್ಚೊತ್ತಿದ ಬಣ್ಣದ ಕಾಂಕ್ರೀಟು ಹಾಕಿಸಿದ್ದು ನನ್ನ ಗಂಡನ ಹಟ. ಅದರ ಮೇಲೆ ಸೀಲರ್ ಎಂಬ ಹೊಳಪಿನ ಲೇಪ, ಕಾರು ನಿಲ್ಲುವ ಗೇಟಿನ ಬಳಿ ಉಸುಕು ತುಂಬಿ ಜೋಡಿಸಿದ ಪೇವರ್ಸ್ ಇಟ್ಟಿಗೆ. ಚೆಂದ ಕಾಣುತ್ತಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅಂದಿನಿಂದ ಮನೆಗೆ ಹೊಸ ಬೀಗರು ಬಂದು ಕೂತಂತಾಯಿತು. ಅಲ್ಲಿ ಬಕೆಟ್ ಎಳೆಯಬಾರದು, ಹಪ್ಪಳ ಒಣಹಾಕಬಾರದು, ನಡೆದರೂ ಮೆತ್ತಗೆ ನಡೆಯಬೇಕು. ನಾನು ದಿನಾ ಬೇಕಂತಲೇ ಹಿಮ್ಮಡಿ ಊರಿ ನಡೆಯುತ್ತಿದ್ದೆ.

ದೀಪಾವಳಿ ಬಂತು. ನಮ್ಮೊಂದಿಗೇ ಇರುವ ಅತ್ತೆ ಖಾನಾಪುರ ಕಡೆಯ ಹಳ್ಳಿಯವರು. ಪಾಡ್ಯದ ದಿನ ಸಗಣಿಯಲ್ಲಿ ಹಟ್ಟೆವ್ವ ಎಂಬ ದೇವಿಯ ಮೂರ್ತಿ ಮಾಡದೆ ಒಂದು ವರ್ಷವೂ ಬಿಟ್ಟವರಲ್ಲ. ನೆಲ ಸಾರಿಸಿ, ಸುತ್ತ ಕೆಮ್ಮಣ್ಣಿನ ಗೆರೆ ಎಳೆದು, ತಲೆಗೆ ಚೆಂಡು ಹೂ ಸಿಕ್ಕಿಸಿ ಅಂಗಳದಲ್ಲಿ ಕೂರಿಸಬೇಕು. ಹಟ್ಟೆವ್ವ ನೆಲದ ಮೇಲೇ ಕೂರಬೇಕು, ಅದು ಅವರ ಪದ್ಧತಿ.

“ಅವ್ವಾ, ಈ ಸಲ ತಾಟಿನ್ಯಾಗ ಇಟ್ಟು ಪೂಜಿ ಮಾಡು. ಅಂಗಳ ಹೊಲಸ ಆಗತೈತಿ,” ಎಂದರು ಇವರು.

“ತಾಟಿನ್ಯಾಗ ಇಡಾಕ ಅಕಿ ಇಡ್ಲಿ ಏನ್ರಿ?” ಎಂದೆ ನಾನು. ಸಗಣಿಯ ಬುಟ್ಟಿಯನ್ನು ಅತ್ತೆಯ ಕೈಗೆ ನಾನೇ ಕೊಟ್ಟೆ. ಗಂಡ ಮುಖ ಗಂಟು ಹಾಕಿಕೊಂಡು ಒಳಗೆ ಹೋದರು. ಹೋಗಲಿ ಬಿಡು ಅಂದುಕೊಂಡೆ.

ಹಬ್ಬ ಮುಗಿದು ಹಟ್ಟೆವ್ವನನ್ನು ಎತ್ತಿದಾಗ ಕೆಳಗೆ ಒಣಗಿದ ಸಗಣಿಯ ಹಕ್ಕಳೆ, ಸುತ್ತ ಕೆಮ್ಮಣ್ಣು, ಪಣತಿಯ ಎಣ್ಣೆಯ ಜಿಡ್ಡು. ಕೆಂಪು ನೀರು ಪೇವರ್ಸ್‌ವರೆಗೂ ಹರಿದಿತ್ತು. ಪೊರಕೆಗೆ ಯಾವುದೂ ಜಗ್ಗಲಿಲ್ಲ.

“ನಾ ಹೇಳಿದ್ದಿಲ್ಲೇನು? ಇನ್ನ ಮುಂದ ಈ ಅಂಗಳದಾಗ ಇದೆಲ್ಲಾ ಬ್ಯಾಡ,” ಎಂದರು ಇವರು.

ಸಂಜೆ ಅತ್ತೆ ಖಾನಾಪುರದಲ್ಲಿರುವ ಕಿರಿಯ ಮಗನಿಗೆ ಫೋನು ಹಚ್ಚಿದರು. “ಮುಂದಿನ ವರ್ಷ ಹಬ್ಬಕ್ಕ ನಿಮ್ಮನಿಗೆ ಬರತೇನಪಾ. ಹಟ್ಟೆವ್ವನ್ನ ಅಲ್ಲೇ ಕುಂದರಸ್ತೇನಿ,” ಎಂದದ್ದು ನನ್ನ ಕಿವಿಗೆ ಬಿತ್ತು. ಮನೆಯ ಹಿರಿಯಳು ತನ್ನ ಹಬ್ಬವನ್ನು ಗಂಟು ಕಟ್ಟಿಕೊಂಡು ಬೇರೆ ಮನೆಗೆ ಹೋಗಬೇಕೇ? ಅದೂ ಒಂದು ಸಿಮೆಂಟಿನ ನೆಲಕ್ಕಾಗಿ? ಆಗುವ ಮಾತಲ್ಲ. ಆ ನೆಲವನ್ನು ಮೊದಲಿದ್ದಂತೆ ಮಾಡಿ ತೋರಿಸಿಯೇ ಬಿಡುತ್ತೇನೆ ಅಂದುಕೊಂಡೆ.

ಮರುದಿನ ಬಾಜು ಮನೆಯಾಕೆ ಬಂದು ಆ್ಯಸಿಡ್ ಸುರಿಯಿರಿ ಅಂದಳು. ಅದಕ್ಕೆ ಉತ್ತರ ಕೊಡುವ ಮೊದಲೇ ಇವರು ಒತ್ತಡದ ನೀರಿನ ಮೆಷಿನ್ನಿನವನನ್ನು ಕರೆತಂದರು. ಅವನು ನೀರು ಚಿಮ್ಮಿಸುವ ಗನ್ನಿಗೆ ಸಣ್ಣ ಬಾಯಿಯ ನಳಿಕೆ ಸಿಕ್ಕಿಸಿದ. ದಬ್ಬಣದಂಥ ಒಂದೇ ಧಾರೆ.

“ಅಗಲ ಬಾಯಿಂದು ಹಾಕ್ರಿ,” ಎಂದೆ. ಅಂಗಳ ಹಾಕಿದ ಗೌಂಡಿಗೆ ಚಹಾ ಕೊಡುವಾಗ ಇದನ್ನು ತೊಳೆಯುವುದು ಹೇಗೆಂದು ನಾನು ಕೇಳಿ ಇಟ್ಟುಕೊಂಡಿದ್ದೆ. ಇವರಿಗೆ ಆಗ ಬಣ್ಣ ಆರಿಸುವುದರಲ್ಲೇ ಮೈಮರೆವು.

“ಜೋರು ಹೊಡದ್ರಽ ಹೋಗೂದ್ರಿ ಅಕ್ಕಾರ,” ಎಂದ ಅವನು.

“ಹೊಡಿಯೋ,” ಎಂದರು ಇವರು.

ಹೊಡೆದ. ಕಣ್ಣು ಮಿಟುಕಿಸುವಷ್ಟರಲ್ಲಿ ಮೊಳದುದ್ದ ಬಿಳಿ ಪಟ್ಟಿ ಬಿತ್ತು. ಕಲೆಯ ಜೊತೆ ಸೀಲರ್, ಅದರಡಿಯ ಬಣ್ಣ ಎಲ್ಲ ಎದ್ದು ಹೋಗಿತ್ತು. ನಾನು ಓಡಿಹೋಗಿ ಸ್ವಿಚ್ ಆರಿಸಿದೆ. ಸಿಟ್ಟು ನೆತ್ತಿಗೇರಿತ್ತು.

“ಗನ್ ಇತ್ತ ಕೊಡ್ರಿ. ನಾ ತೊಳೀತೇನಿ.”

“ನಿನಗ ಬರತೈತೇನು?” ಎಂದರು ಇವರು.

“ನಿಮಗ ಬಂದದ್ದು ಕಾಣಾಕತ್ತೈತಲ್ಲ. ಬಾಜುಕ ಸರೀರಿ.”

ಸೀರೆ ಎತ್ತಿ ಕಟ್ಟಿದೆ. ಮೊದಲು ಕಲೆಗಳ ಮೇಲೆ ತಣ್ಣೀರು ಸುರಿದು, ಹಸಿ ಗೋಣಿಚೀಲ ಹೊದಿಸಿ ನೆನೆಯಲು ಬಿಟ್ಟೆ. ಮೆಷಿನ್ನಿನವನು ಗೇಟಿಗೆ ಒರಗಿ ಗಡಿಯಾರ ನೋಡಿದ. ನೋಡಲಿ, ಕೊಳೆ ನೆನೆಯಬೇಕಲ್ಲ. ಆಮೇಲೆ ಪಾತ್ರೆ ತೊಳೆಯುವ ಸಾಬೂನಿನ ನೀರು ಹಾಕಿ ಮೆತ್ತನೆಯ ಬ್ರಷ್ಷಿನಿಂದ ತಿಕ್ಕಿದೆ. ಮೆಷಿನ್ನಿನ ಒತ್ತಡ ಇಳಿಸಿ, ಬೀಸಣಿಗೆಯಂತೆ ನೀರು ಹರಡುವ ನಳಿಕೆ ಹಾಕಿಸಿ, ಯಾರಿಗೂ ಕಾಣದ ಮೂಲೆಯಲ್ಲಿ ಒಂದು ಸಲ ಹಾಯಿಸಿ ನೋಡಿದೆ. ಹೊಳಪು ಹಾಗೇ ಇತ್ತು. ನೆಲದಿಂದ ದೂರ ಹಿಡಿದು, ಒಂದೇ ಕಡೆ ನಿಲ್ಲದೆ, ಕಸ ಗುಡಿಸಿದ ಹಾಗೆ ಸರಿಯುತ್ತಾ ಹೋದೆ. ಪೇವರ್ಸ್ ಹತ್ತಿರ ಗನ್ನನ್ನು ಓರೆ ಮಾಡಿದೆ. ಸಂದಿಗೆ ನೇರ ಹೊಡೆದರೆ ಉಸುಕು ಎದ್ದು ಬಂದು ಇಟ್ಟಿಗೆಗಳೆಲ್ಲ ಅಲುಗಾಡುತ್ತವೆ. ಆದರೂ ಒಂದೆರಡು ಕಡೆ ಎದ್ದಿತು, ನೆಲ ಒಣಗಿದ ಮೇಲೆ ಹೊಸ ಉಸುಕು ತುಂಬಿದೆ.

ತೋಳು ಸೋತು ಬಂತು. ಬಾಜು ಮನೆಯಾಕೆ ಮಾಳಿಗೆಯ ಮೇಲಿಂದ ನೋಡುತ್ತಿದ್ದಳು, ಇವರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಈಗ ಬಿಟ್ಟರೆ ಇವರ ಮಾತೇ ಮೇಲಾಗುತ್ತದೆ ಎಂಬ ಒಂದೇ ಛಲಕ್ಕೆ ಗನ್ನು ಬಿಡಲಿಲ್ಲ. ಕೆಂಪು ಹರಿದು ಹೋಯಿತು, ಸಗಣಿ ಹರಿದು ಹೋಯಿತು. ಎಣ್ಣೆಯ ಗುರುತಿಗೆ ಇನ್ನೊಮ್ಮೆ ಸಾಬೂನು ಬೇಕಾಯಿತು. ಕೊನೆಗೆ ಅಂಗಳದಲ್ಲಿ ಉಳಿದದ್ದು ಆ ಬಿಳಿ ಪಟ್ಟಿ ಮಾತ್ರ.

ಇವರು ಅದರ ಮುಂದೆ ಬಂದು ನಿಂತರು. “ಇದಕ್ಕೇನ ಮಾಡೂಣು?”

“ಬಣ್ಣ ಹಚ್ಚಿ, ಸೀಲರ್ ಹಚ್ಚಸ್ರಿ. ಮತ್ತ ನೆನಪಿಡ್ರಿ, ಅಂಗಳ ಕೆಡಿಸಿದ್ದು ಹಟ್ಟೆವ್ವ ಅಲ್ಲ.”

ಅಷ್ಟೊತ್ತು ಬಾಗಿಲಲ್ಲೇ ನಿಂತಿದ್ದ ಅತ್ತೆ ಬರಿಗಾಲಲ್ಲಿ ಒದ್ದೆ ಅಂಗಳಕ್ಕೆ ಇಳಿದರು. ಹಟ್ಟೆವ್ವ ಕೂತಿದ್ದ ಜಾಗಕ್ಕೆ ಹೋಗಿ, ಬಗ್ಗಿ, ಅಂಗೈಯಿಂದ ನೆಲ ಸವರಿದರು. ಕೈಯನ್ನು ತಿರುಗಿಸಿ ನೋಡಿಕೊಂಡು ಸೆರಗಿಗೆ ಒರೆಸಿಕೊಂಡರು. ಕಟ್ಟೆಯ ಮೇಲೆ ಕೂತು ಕಿರಿಯ ಮಗನಿಗೆ ಫೋನು ಹಚ್ಚಿದರು.

“ಮುಂದಿನ ವರ್ಷ ನಾ ಬರಂಗಿಲ್ಲಪಾ. ನಿಮ್ಮನ್ಯಾಗ ನಿನ್ನ ಹೇಣ್ತಿ ಮಾಡ್ಲಿ. ನಾ ಮಾಡಿದ ಹಟ್ಟೆವ್ವ ಇಲ್ಲೇ ಕುಂದರತಾಳ, ನೆಲದ ಮ್ಯಾಲ.”

ಫೋನು ಕೆಳಗಿಟ್ಟು, ಪೈಪು ಸುತ್ತುತ್ತಿದ್ದ ನನ್ನ ಗಂಡನ ಕಡೆ ತಿರುಗಿದರು.

“ನಿನಗೂ ಕೇಳಿಸ್ತೋ ಇಲ್ಲೋ?” ಎಂದರು.