ಹಸೆಮಣೆಗೆ ಕಾಫಿ ಕುಡಿಸಿದ್ದು

“ಬೂಟ್ ಪಾಲಿಶ್ ಬಳುದ್ರೆ ಆಯ್ತು ಕಣೇ, ಬುಡು!”

ಹೀಗೆಂದವರು ನಮ್ಮ ಯಜಮಾನರು. ಬಳಿಯಬೇಕಿದ್ದದ್ದು ಯಾವುದಕ್ಕೆ ಗೊತ್ತಾ? ಹಸೆಮಣೆಗೆ! ಮನೆತನದ ಮದುಮಕ್ಕಳೆಲ್ಲ ಧಾರೆಗೆ ಕೂತೆದ್ದ ತೇಗದ ಮಣೆಗೆ ಬೂಟ್ ಪಾಲಿಶ್ಶು!

ನಮ್ಮಲ್ಲೊಂದು ಪದ್ಧತಿ. ಯಾರ ಮನೆಯಲ್ಲಿ ಕೊನೆಯ ಮದುವೆಯಾಯಿತೋ ಮಣೆ ಅಲ್ಲೇ ಇರಬೇಕು, ಮುಂದಿನ ಮದುವೆಯವರು ಬಂದು ಒಯ್ಯುವವರೆಗೆ. ಒಯ್ಯುವಾಗ ಹಿರಿಯ ಹೆಂಗಸೊಬ್ಬರು ಮುಟ್ಟಿ ನೋಡಿ ‘ಚೆನ್ನಾಗಿ ಮಡಗಿದ್ದೀರಿ’ ಅನ್ನಬೇಕು. ಅನ್ನದಿದ್ದರೆ? ಆ ಮನೆಯ ಸೊಸೆಯ ಮಾನ ಮದುವೆಮನೆಯ ಒಲೆ ಮುಂದೆ ಹರಾಜು. ಈ ಸಲ ಆ ಸೊಸೆ ನಾನು. ಬರುತ್ತಿದ್ದವರು ಗಾವಡಗೆರೆಯ ದೊಡ್ಡತ್ತೆ, ಯಜಮಾನರ ದೊಡ್ಡಮ್ಮ. (ಸಾರಿಗೆ ಉಪ್ಪು ಸರಿಯಿದ್ದರೆ ‘ನೀರು ಜಾಸ್ತಿ’ ಅನ್ನುವ ಪೈಕಿ.)

ಮಣೆಯ ಮೇಲೋ, ಉದ್ದುದ್ದ ಗೀರುಗಳು. ಹೊಗೆಸೊಪ್ಪಿನ ಬೇಲ್ ಕಟ್ಟುವಾಗ ಒತ್ತುವುದಕ್ಕೆ ಅಗಲವಾದ ಹಲಗೆ ಬೇಕಾಯಿತಂತೆ. ಯಜಮಾನರು ಅಟ್ಟದಿಂದ ಮಣೆ ಇಳಿಸಿ, ಕವುಚಿ ಹಾಕಿ, ಮೇಲೆ ನಿಂತು ತುಳಿದಿದ್ದಾರೆ. ಆಮೇಲೆ ಹಾಗೇ ಸಿಮೆಂಟ್ ನೆಲದ ಮೇಲೆ ದರದರ ಎಳೆದಿದ್ದಾರೆ. ನನಗೆ ಬಂದ ಸಿಟ್ಟಿಗೆ ಅವತ್ತು ಅವರ ಮುದ್ದೆಗೆ ಬರೀ ಮಜ್ಜಿಗೆ.

ಆಚಾರಿಯನ್ನು ಕರೆಸಿದರೆ ಊರಿಗೆಲ್ಲ ಸುದ್ದಿ. ಸರಿ, ಯೂಟ್ಯೂಬ್ ಹಿಡಿದೆ. ಅಕ್ರೋಟು ಉಜ್ಜಿ ಅಂದಳೊಬ್ಬಳು. ನಮ್ಮ ಮನೆಯಲ್ಲಿ ಅಕ್ರೋಟು ಮಣೆಯವರೆಗೆ ಉಳಿಯುತ್ತದಾ? ಕಾಫಿ ಡಿಕಾಕ್ಷನ್ ಹಚ್ಚಿ ಅಂದಳು ಇನ್ನೊಬ್ಬಳು. ಕೊಡಗಿನ ಮಗ್ಗುಲಲ್ಲಿರುವ ಪಿರಿಯಾಪಟ್ಟಣದವರಿಗೆ ಕಾಫಿಪುಡಿಗೇನು ಬರ!

ಮೊದಲು ಯಾರಿಗೂ ಕಾಣದ ಕಡೆ ಹಚ್ಚಿ ಬಣ್ಣ ನೋಡಬೇಕಂತೆ. ಮಣೆ ಕವುಚಿದೆ. ಅಲ್ಲಿ ನೋಡಿದರೆ ಒಂದು ಹಳೇ ಸೀಳು! ಅದರ ಮೇಲೆ ಬಿಸ್ಕತ್ ಡಬ್ಬದ ತಗಡಿಟ್ಟು, ಮೊಳೆ ಹೊಡೆದು, ಬಣ್ಣ ಬಳಿದು ಮುಚ್ಚಿದ್ದಾರೆ. (ಅದರ ಮೇಲೇ ನಿಂತು ಕುಣಿದ ಯಜಮಾನರಿಗೆ ಅದು ಕಂಡಿರಲಿಲ್ಲ. ಬೇಲ್ ಬಿಟ್ಟು ಬೇರೇನು ಕಾಣುತ್ತದೆ ಅವರಿಗೆ?) ನಮಗಿಂತ ಮೊದಲು ಈ ಮಣೆ ಇದ್ದದ್ದು ಯಾರ ಮನೆಯಲ್ಲಿ? ಇದೇ ದೊಡ್ಡತ್ತೆಯ ಮನೆಯಲ್ಲಿ.

ನನಗೆ ಆನೆ ಬಲ ಬಂತು. ಗಟ್ಟಿ ಡಿಕಾಕ್ಷನ್ ಇಳಿಸಿ, ಹತ್ತಿಯಲ್ಲಿ ಅದ್ದಿ, ಗೀರಿನುದ್ದಕ್ಕೂ ಎಳೆದೆ. ಒಣಗಿದ ಮೇಲೆ ಮತ್ತೊಮ್ಮೆ. ಬಣ್ಣ ಕೂಡಿತು, ಹಳ್ಳ ಮಾತ್ರ ಹಾಗೇ ಇತ್ತು. ಅದಕ್ಕೆ ಅಂತರಸಂತೆಯ ಸಂತೆಯಿಂದ ತಂದಿದ್ದ ಜೇನುಮೇಣಕ್ಕೆ ಚೂರು ಕೊಬ್ಬರಿ ಎಣ್ಣೆ ಹಾಕಿ ಕರಗಿಸಿ ತುಂಬಿದೆ. ಉಜ್ಜುವ ಕೆಲಸ ಯಜಮಾನರಿಗೆ, ಅವರದೇ ಹಳೇ ಪಂಚೆಯಲ್ಲಿ. ಮರದ ಎಳೆ ಹೋದ ದಿಕ್ಕಿಗೇ ಉಜ್ಜಬೇಕು. ಅಡ್ಡ ಉಜ್ಜಿದಾಗಲೆಲ್ಲ ನಾನು ಕೆಮ್ಮುತ್ತಿದ್ದೆ.

ದೊಡ್ಡತ್ತೆ ಬಂದರು. ಕನ್ನಡಕ ಏರಿಸಿದರು. ಅಂಗೈಯಲ್ಲಿ ಸವರಿದರು. ಮತ್ತೆ ಸವರಿದರು. ಯಜಮಾನರು ಗೋಡೆ ನೋಡುತ್ತಾ ನಿಂತರು.

“ಏನವ್ವಾ ಇದು, ಇಂಗ್ ಒಳೀತದೆ? ಕಾಪಿ ವಾಸ್ನೆ ಬ್ಯಾರೆ!”

“ಈಗ್ತಾನೆ ನಿಮ್ಗೇ ಕಾಫಿಗಿಟ್ಟೆ ದೊಡ್ಡತ್ತೆ. ತಿರುಗ್ಸಿ, ಕೆಳಗಡೆನೂ ಒಂದ್ಸಲ ನೋಡ್ಬುಡಿ” ಅಂದೆ.

ದೊಡ್ಡತ್ತೆ ನನ್ನ ಮುಖ ನೋಡಿದರು. ನಾನೂ ನೋಡಿದೆ, ನಗುನಗುತ್ತಾ.

“ಅಯ್, ಅದ್ಯಾಕ್ ಬುಡವ್ವ! ಚೆಂದಾಗ್ ಮಡಗಿದ್ದೀಯ ಕಣವ್ವ, ಬೋ ಚೆಂದಾಗ್ ಮಡಗಿದ್ದೀಯ!”

ಬೀದಿಗೆಲ್ಲ ಕೇಳುವಂತೆ ಅಂದರು. ಗೆದ್ದೆ! ಮದುವೆಮನೆಯ ಒಲೆ ಮುಂದೆಯೂ ನನ್ನದೇ ಗುಣಗಾನ, ಅದೂ ದೊಡ್ಡತ್ತೆಯ ಬಾಯಲ್ಲಿ.

ಅಂದಹಾಗೆ, ನಿಮ್ಮ ಮನೆಯ ಮಣೆಯನ್ನು ಒಂದ್ಸಲ ಕವುಚಿ ನೋಡಲಾ?